ಮೆಡಲ್ ಯಾರಿಗೆ ಎಂದು ಮೊದಲೇ ಹೇಳುವ ಕೆಲಸ

ಕಾರ್ಯದರ್ಶಿಗಳ ಫೋನು ಬಂದಾಗ ನಾನು ಕೋಟದ ಒಂದು ಕಲ್ಯಾಣ ಮಂಟಪದಲ್ಲಿ ಮಂಡಿಯೂರಿ ನೆಲಕ್ಕೆ ಸೀಮೆಸುಣ್ಣದ ವೃತ್ತ ಎಳೆಯುತ್ತಿದ್ದೆ. ಹಗ್ಗದ ಒಂದು ತುದಿಯನ್ನು ನನ್ನ ಶಿಷ್ಯೆ ನಡುವೆ ಒತ್ತಿ ಹಿಡಿದಿದ್ದಳು, ಇನ್ನೊಂದು ತುದಿಗೆ ಕಟ್ಟಿದ ಸುಣ್ಣದ ಕಡ್ಡಿ ನನ್ನ ಕೈಯಲ್ಲಿತ್ತು. ಸ್ಕೇಟಿಂಗ್ ಸಂಘದ ಕಾರ್ಯದರ್ಶಿಗಳು ಸುತ್ತಿ ಬಳಸಿ ಮಾತಾಡುವವರಲ್ಲ.

"ರಾಜ್ಯದ ಶಿಬಿರಕ್ಕೆ ನಮ್ ಬದಿಯಿಂದ ಒಂದೇ ಹೆಣ್ಣ್ ಮಗು ಅಂಬ್ರ್ ಟೀಚ್ರೆ. ಮುಂದೆ ಮೆಡಲ್ ಗೆಲ್ಲುದ್ ಯಾರ್ ಅಂದೇಳಿ ನೀವೇ ಕಂಡ್ ಬರ್ದ್ ಕೊಡ್ಕ್."

"ನನ್ನ ಶಿಷ್ಯೆಯೂ ಅದ್ರಲ್ ಇತ್ತಲ್ದೆ?" ಎಂದೆ.

"ಇರ್ಲಿ. ಪರೀಕ್ಷೆ ಪಾಸ್ ಮಾಡಿದ್ ಜಡ್ಜ್ ನಮ್ಮಲ್ಲಿ ನೀವ್ ಒಬ್ರೇ. ಬ್ರಹ್ಮಾವರದ್ ಸರ್ ಹತ್ರ ಕಾಗ್ದ ಇಲ್ಲೆ, ಬರೀ ಬಾಯಿ."

ಆ ಕೊನೆಯ ಮಾತು ನನಗೆ ಎಷ್ಟು ಹಿತವಾಯಿತೆಂದರೆ, ಫೋನಿಟ್ಟ ಮೇಲೆ ಅರ್ಧಕ್ಕೆ ಬಿಟ್ಟ ವೃತ್ತವನ್ನು ಒಂದೇ ಗುಕ್ಕಿಗೆ ಮುಗಿಸಿದೆ.

ಫಿಗರ್ ಸ್ಕೇಟಿಂಗ್ ಎಂದರೆ ಟೀವಿಯಲ್ಲಿ ಕಾಣುವ ಹಿಮದ ನೆಲವೇ ಎಲ್ಲರ ನೆನಪಿಗೆ ಬರುತ್ತದೆ. ನಮ್ಮಲ್ಲಿ ಮಂಜುಗಡ್ಡೆ ಇರುವುದು ಮೀನಿಗೆ. ಅದೇ ಆಟವನ್ನು ನಾವು ನಾಲ್ಕು ಗಾಲಿಯ ಬೂಟು ಹಾಕಿ ಆಡುತ್ತೇವೆ: ವೃತ್ತದ ಗೆರೆಯ ಮೇಲೆ ಒಂದೇ ಕಾಲಿನಲ್ಲಿ ಸಾಗುವುದು, ಹಾರಿ ಗಾಳಿಯಲ್ಲೇ ಸುತ್ತಿ ಹಿಮ್ಮುಖವಾಗಿ ಇಳಿಯುವುದು, ನಿಂತಲ್ಲೇ ಬುಗುರಿ ತಿರುಗುವುದು. ಅದಕ್ಕೆ ಬೇಕಾದದ್ದು ವಿಶಾಲವಾದ ನುಣುಪು ನೆಲ. ಬೇಸಿಗೆಯಲ್ಲಿ ನಾನು ದೈಹಿಕ ಶಿಕ್ಷಕಿಯಾಗಿರುವ ಶಾಲೆಯ ಅಂಗಳ ಸಾಕು. ಮಳೆಗಾಲದಲ್ಲಿ ಅದು ಪಾಚಿ. ಆಷಾಢದಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಮಂಟಪ ಖಾಲಿ ಬಿದ್ದಿರುತ್ತದೆ. ಮಾಲೀಕರನ್ನು ಕಾಡಿ ಬೇಡಿ ಅದನ್ನು ಹಿಡಿದಿದ್ದೆ. ಬ್ರಹ್ಮಾವರದ ಕೋಚ್ ನನಗಿಂತ ಚುರುಕು. ಮಳೆಗಾಲದಲ್ಲಿ ಟ್ರಾಲ್ ಬೋಟುಗಳು ಕಡಲಿಗಿಳಿಯುವಂತಿಲ್ಲ, ಆಗ ಗಂಗೊಳ್ಳಿ ಬಂದರಿನ ಮೀನು ಹರಾಜಿನ ಹಾಲ್ ಖಾಲಿ. ಅವರು ಅದನ್ನು ಹಿಡಿದಿದ್ದರು. ಮದುವೆಯಿಲ್ಲದ ತಿಂಗಳು ನನ್ನದು, ಮೀನಿಲ್ಲದ ತಿಂಗಳು ಅವರದು.

ಈ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಪ್ರಯೋಜನವಿಲ್ಲ, ಈ ಕಡೆಯ ಸ್ಕೇಟಿಂಗ್ ತಾಯಂದಿರಿಗೆಲ್ಲ ಗೊತ್ತಿರುವ ಸಂಗತಿ ಅದು. ಅವರು ಮುಂಬಯಿಯಲ್ಲಿ ಹೋಟೆಲು ನಡೆಸುತ್ತ ಯಾವುದೋ ಕ್ಲಬ್ಬಿನಲ್ಲಿ ಸ್ಕೇಟಿಂಗ್ ಕಲಿತು ಬಂದವರು. ನಾನು ಮಗುವಿನ ಹಿಮ್ಮಡಿಯ ಗಟ್ಟಿತನ ನೋಡುತ್ತೇನೆ, ಹಾರಿ ಇಳಿದ ಮೇಲೆ ಹಿಂಗಾಲು ಎಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ ನೋಡುತ್ತೇನೆ, ಅಪ್ಪ ಅಮ್ಮನ ಎತ್ತರ ಕೇಳುತ್ತೇನೆ. ಯಾಕೆಂದರೆ ಮಗು ಒಮ್ಮೆಗೇ ಉದ್ದವಾದರೆ ಹಾರಾಟದ ಸಮತೋಲ ಕೈಕೊಡುತ್ತದೆ. ಇಷ್ಟೆಲ್ಲ ನೋಡಿ ನಾನು ಹೇಳಿದ ಮಕ್ಕಳಲ್ಲಿ ಒಬ್ಬಳು ಹತ್ತನೇ ತರಗತಿಯ ಟ್ಯೂಷನ್ನಿಗೆ ಹೋದಳು, ಇನ್ನೊಬ್ಬಳು ತಂದೆಯಷ್ಟೇ ಉದ್ದವಾಗಿ ವಾಲಿಬಾಲಿಗೆ ಹೋದಳು. ಆ ಕೋಚ್ ಕೈ ಹಿಂದೆ ಕಟ್ಟಿಕೊಂಡು, ಬಾಯಲ್ಲಿ ಏಲಕ್ಕಿ ಆಡಿಸುತ್ತ, ಮಗು ಎರಡು ಸುತ್ತು ಹೊಡೆಯುವಷ್ಟರಲ್ಲಿ "ಇದ್ ಮೆಡಲ್ ಮಾಡತ್ತ್ ಕಾಣಿ" ಅನ್ನುತ್ತಾರೆ. ಅದು ಮಾಡುತ್ತದೆ. ಸುಮ್ಮನೆ ಒಂದು ಸಲವಲ್ಲ, ಪ್ರತಿ ಸಲ. ಊರಿನವರು ಅವರ ಬಾಯಿಗೆ ಮಗುವನ್ನು ತೋರಿಸಲು ಬೈಂದೂರಿನಿಂದ ಬಸ್ಸು ಹತ್ತಿ ಬರುತ್ತಾರೆ. ಜ್ಯೋತಿಷಿಯ ಹತ್ತಿರ ಹೋದ ಹಾಗೆ.

ಈಗ ಅವರ ಬಾಯಿ ಒಬ್ಬ ಗಂಗೊಳ್ಳಿ ಹುಡುಗಿಯ ಹೆಸರು ಹೇಳುತ್ತಿತ್ತು. ತಂದೆ ಬೋಟಿನಲ್ಲಿ ದುಡಿಯುವವರು, ತಾಯಿ ಮೀನು ಮಾರುವವರು. ನನ್ನ ಲೆಕ್ಕದಲ್ಲಿ ಶಿಬಿರಕ್ಕೆ ಹೋಗಬೇಕಾದವಳು ನನ್ನ ಶಿಷ್ಯೆ. ಸಾಲಿಗ್ರಾಮದವಳು, ತಂದೆ ದೇವಸ್ಥಾನದ ಪರಿಚಾರಕರು. ಗೋಡೆ ಹಿಡಿದು ನಿಲ್ಲುತ್ತಿದ್ದ ಕಾಲದಿಂದ ನಾನು ಕೈ ಹಿಡಿದು ತಂದ ಮಗು. ಇಬ್ಬರೂ ಒಂದೇ ವಯಸ್ಸಿನವರು. ಈ ವರ್ಷ ಹೋಗದಿದ್ದರೆ ಆ ವಯೋಮಿತಿಯ ಶಿಬಿರ ಇಬ್ಬರಿಗೂ ಮತ್ತೆ ಇಲ್ಲ.

ಒಂದು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಸ್ಕೂಟರಿನಲ್ಲಿ ಗಂಗೊಳ್ಳಿಗೆ ಹೋದೆ. ತ್ರಾಸಿಯಲ್ಲಿ ಎಡಕ್ಕೆ ಹೊರಳಿ ಬಂದರು ತಲುಪುವಷ್ಟರಲ್ಲಿ ರೈನ್‌ಕೋಟಿನ ಒಳಗೂ ನೀರು. ಬೋಟುಗಳು ಸಾಲಾಗಿ ಕಟ್ಟಿಕೊಂಡು ನಿಂತಿದ್ದವು. ಹಾಲ್ ದೊಡ್ಡದು, ಮೇಲೆ ಶೀಟು, ಗೋಡೆಯಿಲ್ಲದ ಬದಿಗಳು, ಒಂದು ಕಡೆ ರಸ್ತೆ, ಇನ್ನೊಂದು ಕಡೆ ಹೊಳೆ, ನೆಲ ಸಿಮೆಂಟು. ಎಷ್ಟು ತೊಳೆದರೂ ಹೋಗದ ಮೀನಿನ ವಾಸನೆ. ಕೋಚ್ ಒಂದು ಡಬ್ಬಿಯಲ್ಲಿ ಗಾಲಿಯ ಬೇರಿಂಗುಗಳನ್ನು ಸೀಮೆಎಣ್ಣೆಗೆ ಹಾಕಿ ಕುಲುಕುತ್ತಿದ್ದರು. ಉಪ್ಪು ಗಾಳಿಗೆ ಅವು ವಾರದಲ್ಲಿ ತುಕ್ಕು ಹಿಡಿಯುತ್ತವೆ.

"ಬನ್ನಿ ಮೇಡಂ, ಕೂಕಣಿ. ಪರೀಕ್ಷೆ ಎಲ್ಲ ಎಂತಕೆ? ನಾ ಹೇಳಿದ್ನಲ್ಲ, ಇದ್ ಪಕ್ಕಾ ಮೆಡಲ್," ಎಂದರು.

"ಕಂಡ್ ಬರೀತೆ ಸರ್. ನಂಗ್ ಕಾಣ್ದೆ ಹೇಳಿ ಅಭ್ಯಾಸ ಇಲ್ಲೆ," ಎಂದೆ. ಅವರು ನಕ್ಕರು. ಅವರಿಗೆ ಸಿಟ್ಟು ಬರುವುದಿಲ್ಲ. ಅದೂ ಒಂದು ಉರಿ ನನಗೆ.

ನನ್ನ ಪರೀಕ್ಷೆಯ ಕ್ರಮ ಹೀಗೆ. ಮೊದಲು ವೃತ್ತ, ಆಮೇಲೆ ಹಾರಾಟ, ಕೊನೆಗೆ ಬುಗುರಿ ತಿರುಗುವ ಸ್ಪಿನ್. ಸ್ಪಿನ್ನಿಗೆ ನಾನು ಗಾಲಿಗೆ ಚಾಕ್‌ಪುಡಿ ಮೆತ್ತುತ್ತೇನೆ. ತಿರುಗಿದ ಗುರುತು ನೆಲದ ಮೇಲೆ ಬೀಳುತ್ತದೆ. ಸ್ಪಿನ್ನಿನಲ್ಲಿ ಗಾಲಿ ಒಂದು ಸಣ್ಣ ಸುತ್ತು ಹಾಕುತ್ತಲೇ ಇರುತ್ತದೆ. ಆ ಸುತ್ತುಗಳು ಒಂದರ ಮೇಲೊಂದು ಬಿದ್ದರೆ ನೆಲದ ಮೇಲೆ ಒಂದೇ ಬಳೆ ಮೂಡುತ್ತದೆ. ಮೈ ಸರಿಯುತ್ತ ಹೋದರೆ ಬಳೆಗಳ ಸರ ಬೀಳುತ್ತದೆ. ಮೇಲಿನ ಮಟ್ಟದಲ್ಲಿ ಮೆಡಲ್ ತಪ್ಪುವುದು ಹೆಚ್ಚಾಗಿ ಇದೇ ಸರದಲ್ಲಿ. ಹಾರಾಟವನ್ನು ವರ್ಷದಲ್ಲಿ ಕಲಿಸಬಹುದು, ಒಂದು ಬಿಂದುವಿನ ಮೇಲೆ ನಿಲ್ಲುವುದನ್ನು ಕಲಿಸುವುದು ಕಷ್ಟ.

ಹುಡುಗಿ ಸಪೂರ, ಮಾತು ಕಡಿಮೆ. ವೃತ್ತ ಹೊಡೆದು ಬಂದಾಗ ಹೊರಟ ಗೆರೆಗೆ ಸರಿಯಾಗಿ ಸೇರಲಿಲ್ಲ, ಒಂದು ಗೇಣು ಆಚೆ. ಹಾರಾಟ ಸಾಧಾರಣ. ಸ್ಪಿನ್ ಚಂದ, ತಲೆ ಅಲ್ಲಾಡಲಿಲ್ಲ. ಆದರೆ ಅವಳು ನಿಂತ ಮೇಲೆ ಬಗ್ಗಿ ನೋಡಿದರೆ ನೆಲದಲ್ಲಿ ಬಳೆಗಳ ಸರ. ಮತ್ತೆ ಮಾಡಿಸಿದೆ. ಮತ್ತೆ ಸರ, ಹೊಳೆ ಬದಿಗೆ.

"ಇದೊಂದ್ ಸರಿತಾ ಇತ್ತ್," ಎಂದು ಕೋಚ್ ಒಪ್ಪಿಕೊಂಡರು. "ಬೈದ್ ಬೈದ್ ಸಾಕಾಯ್ತ್. ಎಷ್ಟ್ ಹೇಳ್ರೂ ಕೇಂತಿಲ್ಲೆ."

ನನಗೆ ಹೊಟ್ಟೆ ತಣ್ಣಗಾಯಿತು. ಮೆಡಲ್ ಇಲ್ಲ. ಅವರ ಬಾಯಿ ಈ ಸಲ ಸುಳ್ಳಾಗುತ್ತದೆ, ಅದನ್ನು ಸುಳ್ಳು ಮಾಡುವ ಕಾಗದಕ್ಕೆ ನನ್ನ ಸಹಿ. ಮುಖ ಗಂಭೀರ ಮಾಡಿಕೊಂಡು, "ನನ್ ಹುಡ್ಗಿನ ನಾಡಿದ್ದ್ ಕೋಟದ್ ಮಂಟಪದಲ್ಲ್ ಕಾಣ್ತೆ," ಎಂದೆ.

"ಅದ್ ಹ್ಯಾಂಗೆ ಮೇಡಂ? ಎರಡ್ ಮಕ್ಳನ್ನೂ ಒಂದೇ ನೆಲದ್ ಮೇಲ್ ಕಾಣ್ಕಲ್ದಾ?"

ಮಾತು ನ್ಯಾಯದ್ದೇ. "ಹಂಗಾರೆ ನಿಮ್ ಹುಡ್ಗಿನ ಕೋಟಕ್ಕೇ ಕರ್ಕಂಡ್ ಬನ್ನಿ," ಎಂದೆ ಉದಾರವಾಗಿ. ನಮ್ಮ ಗ್ರಾನೈಟಿನ ಮೇಲೆ ಗಾಲಿ ಜಾರುತ್ತದೆ, ಸಿಮೆಂಟಿನ ಗಟ್ಟಿ ಗಾಲಿ ಅಲ್ಲಿ ಹಿಡಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮರುದಿನ ಮಂಟಪಕ್ಕೆ ಹೋದರೆ ಗೇಟಿನಲ್ಲಿ ಆಷಾಢ ಸೇಲಿನ ಬ್ಯಾನರು. ಒಳಗೆ ನೆಲದ ತುಂಬ ಮೇಜು, ಮೇಜಿನ ತುಂಬ ಸೀರೆ. ಮಾಲೀಕರು ನನ್ನ ಮುಖ ನೋಡದೆ ಹೇಳಿದರು: "ಎಂತ ಮಾಡುದ್ ಟೀಚ್ರೆ, ಅವ್ರ್ ಬಾಡ್ಗಿ ಕೊಡ್ತ್ರ್. ಮದಿ ಇಲ್ಲ್ದಿದ್ ತಿಂಗ್ಳಲ್ಲ್ ನಮ್ಗೂ ಹೊಟ್ಟಿ ಇತ್ತಲ್ದಾ." ನನ್ನ ವೃತ್ತಗಳ ಮೇಲೆ ರೇಷ್ಮೆ ಸೀರೆಗಳ ರಾಶಿ ಬಿದ್ದಿತ್ತು.

ಬೇರೆ ದಾರಿ ಇರಲಿಲ್ಲ. ಬ್ರಹ್ಮಾವರದ ಕೋಚಿಗೆ ಫೋನು ಮಾಡಿ ಅವರ ಹಾಲ್ ಕೇಳಿದೆ. ಆ ಫೋನು ಮಾಡುವ ಮುಂಚೆ ಒಂದು ಲೋಟ ನೀರು ಕುಡಿಯಬೇಕಾಯಿತು. "ಹ್ವಾಯ್, ಅದಕ್ಕೆಲ್ಲ ಕೇಂಬುದುಂಟಾ ಮೇಡಂ, ನಿಮ್ದೇ ಹಾಲ್ ಅಂದ್ಕಣಿ," ಎಂದರು. ಇಲ್ಲ ಅಂದಿದ್ದರೆ ಎಷ್ಟೋ ಸುಖವಿತ್ತು.

ಶಿಷ್ಯೆಯನ್ನು, ಅವಳ ತಾಯಿಯನ್ನು ಕರೆದುಕೊಂಡು ಒಂದು ಭಾನುವಾರ ಬೆಳಿಗ್ಗೆ ಗಂಗೊಳ್ಳಿಗೆ ಬಂದೆ. ಒರಟು ಸಿಮೆಂಟಿಗೆಂದು ಗಟ್ಟಿ ಗಾಲಿ ಹಾಕಿಸಿದೆ. ತಾಯಿ ಮೂಗಿಗೆ ಸೆರಗು ಹಿಡಿದು ಕಂಬದ ಬಳಿ ನಿಂತರು. ಹಾರಾಟದಲ್ಲಿ ನನ್ನ ಮಗು ಮೇಲು. ಯಾರು ನೋಡಿದರೂ ಹೇಳುವಷ್ಟು ಮೇಲು. ಕೋಚ್ ಕೂಡ ಏಲಕ್ಕಿ ಆಡಿಸುವುದನ್ನು ನಿಲ್ಲಿಸಿದರು. ಆದರೆ ವೃತ್ತದ ಕೊನೆ ಹೊರಟ ಗೆರೆಗೆ ಸೇರಿರಲಿಲ್ಲ, ಗೇಣಲ್ಲ, ಮೊಳ. ಸ್ಪಿನ್ನಿನಲ್ಲಿ ನನ್ನ ಮಂಟಪದಲ್ಲಿ ಒಂದೇ ಬಳೆ ಬರೆಯುವ ಹುಡುಗಿ ಇಲ್ಲಿ ಹಾಲಿನ ಅರ್ಧದ ತನಕ ಸರ ಎಳೆದು ಕುಂಡೆ ಊರಿ ಕೂತಳು. ಮತ್ತೆ ಮಾಡಿಸಿದೆ. ಗಾಲಿಯ ಅಚ್ಚಿನ ರಬ್ಬರು ಸ್ವಲ್ಪ ಬಿಗಿ ಮಾಡಿ ನೋಡಿದೆ, ಸಡಿಲ ಮಾಡಿ ನೋಡಿದೆ. ಬೆಳಗೆಲ್ಲ ಮಾಡಿಸಿದೆ. ಪ್ರತಿ ಸಲ ಅಷ್ಟೇ ಉದ್ದದ ಸರ.

"ಹೆದ್ರ್‌ಕಂಡಿತ್ ಮಗು," ಎಂದರು ಕೋಚ್ ಮೆತ್ತಗೆ. ಆ ಕನಿಕರ ನನಗೆ ಬೇಕಿರಲಿಲ್ಲ.

ಅವರು ಚಾ ತರಲು ಹೋದರು. ನಾನು ನೆಲದ ಗುರುತು ಅಳಿಸಲು ನಿಂತೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಬೆಳಗಿಂದ ನನ್ನ ಹುಡುಗಿ ಹಾಲಿನ ಮೂಲೆ ಮೂಲೆಯಲ್ಲಿ ತಿರುಗಿದ್ದಳು. ಎಲ್ಲಿ ತಿರುಗಿದರೂ ಸರ ಹೋದದ್ದು ಒಂದೇ ದಿಕ್ಕಿಗೆ, ಹೊಳೆ ಬದಿಗೆ. ಹೆದರಿದ ಮಗು ಎಡಕ್ಕೂ ಹೋಗಬೇಕು, ಬಲಕ್ಕೂ ಹೋಗಬೇಕು. ಬಾಲ್ದಿಯಲ್ಲಿದ್ದ ನೀರನ್ನು ಗುರುತಿನ ಮೇಲೆ ಸುರಿದೆ. ನೀರು ಒಂದು ಕ್ಷಣ ನಿಂತು, ಚಾಕ್‌ಪುಡಿಯನ್ನು ಹೊತ್ತುಕೊಂಡು, ಅದೇ ಸರದ ಗುಂಟ ಹರಿದು ಹೊಳೆ ಬದಿಯ ಚರಂಡಿಗೆ ಬಿತ್ತು.

ಮೀನು ಹರಾಜಿನ ಹಾಲ್ ಅದು. ರಕ್ತದ ನೀರು, ಐಸಿನ ನೀರು ಹರಿದು ಹೋಗಲಿ ಎಂದು ನೆಲಕ್ಕೆ ಇಳಿಜಾರು ಕೊಟ್ಟೇ ಕಟ್ಟುತ್ತಾರೆ. ಚಿಕ್ಕಂದಿನಿಂದ ಇಂಥ ಹಾಲುಗಳಲ್ಲಿ ಸೀರೆ ಎತ್ತಿ ಹಿಡಿದು ಆ ನೀರು ದಾಟುವ ಹೆಂಗಸರ ಬೆನ್ನಿಗೇ ನಡೆದವಳು ನಾನು. ಗಾಲಿ ಹಾಕಿದ ಕೂಡಲೇ ನೆಲವೆಲ್ಲ ಸಮ ಎಂದು ಯಾಕೆ ಅಂದುಕೊಂಡೆನೋ. ಎರಡು ಮಳೆಗಾಲದಿಂದ ಅಲ್ಲೇ ಕಲಿಸುತ್ತಿದ್ದ ಆ ಮಹಾನುಭಾವರಿಗೂ ಹೊಳೆದಿರಲಿಲ್ಲ. ನೆಲದ ಇಳಿಜಾರು ಮಾಡಿದ ತಪ್ಪಿಗೆ ಹುಡುಗಿಯನ್ನು ಬೈಯುತ್ತಿದ್ದರು. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಾಯಿತಲ್ಲ ಎಂಬ ಖುಷಿ ಮೊದಲು ಬಂತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ಖುಷಿಯನ್ನು ನುಂಗಿತು. ಈ ಇಳಿಜಾರಿನಲ್ಲಿ ನನ್ನ ಮಗು ಹಾಲಿನ ಅರ್ಧ ಸರಿಯಿತು. ಗಂಗೊಳ್ಳಿ ಹುಡುಗಿ ಸರಿದದ್ದು ಅದರ ಸಣ್ಣ ಪಾಲು. ಅಂದರೆ ಅವಳು ನೆಲದ ವಿರುದ್ಧ ಮೈ ಹಿಡಿದು ತಿರುಗುತ್ತಿದ್ದಳು.

ಚಾ ಬಂತು. ಕುಡಿದೆ. ಇಳಿಜಾರಿನ ಮಾತು ಎತ್ತಲಿಲ್ಲ.

ಆದರೆ ಜಡ್ಜ್ ಆದವಳಿಗೆ ಇನ್ನೊಂದು ಪ್ರಶ್ನೆ ಬಾಕಿಯಿತ್ತು. ವಿರುದ್ಧ ವಾಲುವುದು ಅವಳಿಗೆ ಬರೀ ರೂಢಿಯಾಗಿದ್ದರೆ, ಸಮ ನೆಲದಲ್ಲಿ ಆಚೆ ಬದಿಗೆ ಸರಿಯುತ್ತಾಳೆ. ಹಾಗಿದ್ದರೆ ಮೆಡಲ್ ಇಲ್ಲ. ಸಮ ನೆಲದಲ್ಲಿ ನೋಡಲೇಬೇಕು. ನಿಜ ಹೇಳಬೇಕೆಂದರೆ ಅವಳು ಸರಿಯಲಿ ಎಂದೇ ನಾನು ನೋಡಲು ಹೊರಟೆ.

ಸಮ ನೆಲ ಇದ್ದದ್ದು ಕೋಟದ ಮಂಟಪದಲ್ಲಿ. ಸೀರೆ ಸೇಲಿನವರ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಬಾಗಿಲು ತೆರೆಯುವ ಮುಂಚೆ ಬೆಳಿಗ್ಗೆ ಸ್ವಲ್ಪ ಹೊತ್ತು, ನಡುವಿನ ಮೇಜು ಸರಿಸಿ ಕೊಡುತ್ತೇವೆ, ಸೀರೆಗೆ ಧೂಳು ಹಾರಿಸುವಂತಿಲ್ಲ ಎಂದರು. ಕೋಚ್ ಹುಡುಗಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದರು. ಗ್ರಾನೈಟಿಗೆ ಬೇಕಾದ ಮೆತ್ತನೆ ಗಾಲಿಯನ್ನು ನನ್ನ ಕ್ಲಬ್ಬಿನದೇ ಕೊಟ್ಟೆ. ಗಾಲಿಯ ನೆವ ಯಾರೂ ಹೇಳಬಾರದು. ಕೋಚ್ ಒಂದು ಮೂಲೆಯಲ್ಲಿ ಹೆಂಡತಿಗೆಂದು ಸೀರೆ ಬಿಡಿಸಿ ನೋಡುತ್ತ, ಸೇಲಿನವನ ಹತ್ತಿರ ಹಿಂದಿಯಲ್ಲಿ ಚೌಕಾಸಿಗೆ ನಿಂತರು.

ಚಾಕ್‌ಪುಡಿ ಮೆತ್ತಿದೆ. ಹುಡುಗಿ ತಿರುಗಿದಳು. ಬಗ್ಗಿ ನೋಡಿದೆ: ಸರ. ಸಮ ನೆಲದಲ್ಲೂ ಸರ. ಗಂಗೊಳ್ಳಿಯ ಇಳಿಜಾರಿಗೆ ಎದುರಾಗಿ ವಾಲುವ ರೂಢಿ ಇಲ್ಲಿ ಅವಳನ್ನು ಎಳೆದೊಯ್ದಿತ್ತು. ನನಗೆ ನಗು ತಡೆಯುವುದು ಕಷ್ಟವಾಯಿತು. "ಇನ್ನೊಂದ್ ಸಲ," ಎಂದೆ.

ಅವಳು ಕಾಲಡಿಯ ನೆಲವನ್ನು ಗಾಲಿಯಿಂದ ಒಮ್ಮೆ ಒತ್ತಿ ನೋಡಿದಳು. ತಿರುಗಿದಳು. ಸರ ಇತ್ತು, ಗಿಡ್ಡವಾಗಿತ್ತು. ನಗು ಹೋಯಿತು. "ಇನ್ನೊಂದ್ ಸಲ."

ಮೂರನೆಯ ಸಲ ನೆಲದ ಮೇಲೆ ಒಂದೇ ಒಂದು ಬಳೆ. ಕರಿ ಗ್ರಾನೈಟಿನ ಮೇಲೆ ಬಿಳಿ ಬಳೆ, ದಪ್ಪಗೆ.

"ಎಂತ ಮಾಡ್ದೆ ಮಗ?" ಎಂದು ಕೇಳಿದೆ.

"ಎಂತ ಮಾಡ್ಲಿಲ್ಲೆ ಟೀಚರ್. ಅಲ್ಲ್ ಹೊಳಿ ಬದಿಗ್ ಕಾಲ್ ಎಳತ್ತ್, ಹಿಡ್ಕಣ್ಕ್. ಇಲ್ಲ್ ಎಳೂದಿಲ್ಲೆ. ಸುಮ್ನೆ ನಿಂತ್ರ್ ಸಾಕ್."

"ಸರ್‌ಗೆ ಹೇಳಿದ್ಯಾ ಅದನ್ನ?"

"ಹೇಳ್ದೆ. ನೆವ ಹೇಳ್ಬೇಡ ಅಂದ್ರ್."

ಮೂಲೆಯಿಂದ ಕೋಚ್ ಕೈಯಲ್ಲಿ ಸೀರೆ ಹಿಡಿದುಕೊಂಡು ಬಂದರು. ನೆಲ ನೋಡಿದರು, ನನ್ನ ಮುಖ ನೋಡಿದರು. "ನಾ ಹೇಳ್ಲಿಲ್ಯಾ ಮೇಡಂ?"

ನನ್ನ ಹುಡುಗಿಗೆ ಗಂಗೊಳ್ಳಿಯಲ್ಲಿ ಒಂದಿಡೀ ಬೆಳಗು ಸಿಕ್ಕಿತ್ತು. ಅವಳ ಸರ ಒಂದು ಬೆರಳೂ ಗಿಡ್ಡವಾಗಿರಲಿಲ್ಲ. ರಾಜ್ಯಕ್ಕೆ ಹೋದ ಮಗುವಿಗೆ ಸಿಗುವುದು ಪರವೂರಿನ ನೆಲ, ಅಭ್ಯಾಸಕ್ಕೆ ಸ್ವಲ್ಪ ಹೊತ್ತು, ಅಷ್ಟೇ. ಯಾರು ಬೇಗ ಆ ನೆಲವನ್ನು ಕಾಲಿನಲ್ಲಿ ಓದುತ್ತಾರೋ ಅವರಿಗೆ ಮೆಡಲ್. ಇಷ್ಟು ವರ್ಷ ನಾನು ಹಿಮ್ಮಡಿ ನೋಡಿದೆ, ಅಪ್ಪ ಅಮ್ಮನ ಎತ್ತರ ಕೇಳಿದೆ. ಇದನ್ನು ನೋಡಿರಲಿಲ್ಲ.

ಸಂಘಕ್ಕೆ ಬರೆದು ಕೊಡುವ ದಿನ ಮನೆಯ ಜಗಲಿಯಲ್ಲಿ ಕುಳಿತೆ. ಇಬ್ಬರನ್ನೂ ಒಂದೇ ನೆಲದಲ್ಲಿ ನೋಡಬೇಕೆಂದು ಕೋಚೇ ಹೇಳಿದ್ದರು. ಗಂಗೊಳ್ಳಿಯ ನೆಲದಲ್ಲಿ ಇಬ್ಬರೂ ಸರಿದಿದ್ದರು, ಹಾರಾಟದಲ್ಲಿ ನನ್ನ ಮಗು ಮೇಲು. ಹಾಗೆಂದು ಬರೆದರೆ ಅದರಲ್ಲಿ ಒಂದಕ್ಷರ ಸುಳ್ಳಿರುತ್ತಿರಲಿಲ್ಲ. ಸೀರೆಗಳ ನಡುವಿನ ಬಳೆಯನ್ನು ಕಂಡ ಜಡ್ಜ್ ನಾನೊಬ್ಬಳೇ. ಶಿಷ್ಯೆಯ ತಾಯಿ ಅಂದು ಬೆಳಿಗ್ಗೆಯೇ ಒಂದು ಡಬ್ಬಿ ಕಡುಬು ಕೊಟ್ಟು, ಏನೂ ಕೇಳದೆ ಹೋಗಿದ್ದರು. ಕೇಳದೆ ಹೋದದ್ದೇ ಭಾರವಾಗಿತ್ತು.

ಬರೆದದ್ದು ಗಂಗೊಳ್ಳಿ ಹುಡುಗಿಯ ಹೆಸರನ್ನು. ದೊಡ್ಡ ಮನಸ್ಸಿನಿಂದಲ್ಲ. ನನ್ನ ಶಿಷ್ಯೆಯ ಹೆಸರು ಬರೆದು, ನಾಳೆ ಆ ಹುಡುಗಿ ಬೇರೆ ಯಾವುದೋ ದಾರಿಯಲ್ಲಿ ಮೆಡಲ್ ತಂದರೆ, ಅವರ ಬಾಯಿ ಮತ್ತೆ ನಿಜ, ನನ್ನ ಕಾಗದ ಮತ್ತೆ ಸುಳ್ಳು. ಇನ್ನೊಂದು ಸಲ ಆ ಮುಖದೆದುರು ಸೋಲುವ ಶಕ್ತಿ ನನಗಿರಲಿಲ್ಲ. ಹೊಟ್ಟೆಕಿಚ್ಚಿನಿಂದಲೂ ಮನುಷ್ಯ ಸರಿಯಾದ ಕೆಲಸ ಮಾಡಬಲ್ಲ ಎಂದು ನನಗೆ ಗೊತ್ತಾದದ್ದು ಅಂದು.

ಶಿಷ್ಯೆ ಅತ್ತಳು. ನಾನು ನೆಲದ ವಿಷಯ, ಕಾಲಿನ ವಿಷಯ ಏನೇನೋ ಹೇಳಿದೆ. ತಾಯಿ ಎಲ್ಲ ಕೇಳಿ, "ಅಕ್ಕು ಟೀಚ್ರೆ, ಆಯ್ತ್ ಬಿಡಿ," ಎಂದಷ್ಟೇ ಹೇಳಿದರು.

ಗಂಗೊಳ್ಳಿ ಹುಡುಗಿ ಶಿಬಿರಕ್ಕೆ ಹೋದಳು, ಚಳಿಗಾಲದಲ್ಲಿ ರಾಜ್ಯ ಕೂಟದಿಂದ ಕಂಚಿನ ಮೆಡಲ್ ತಂದಳು. ಸನ್ಮಾನದ ದಿನ ಕೋಚ್ ಮೈಕ್ ಹಿಡಿದು, ಕಂಡ ದಿನವೇ ಹೇಳಿದ್ದೆ ಎಂದರು. ಚಪ್ಪಾಳೆ ಬಿತ್ತು. ಹುಡುಗಿಯ ಹೆಸರು ಬರೆದವರು ಯಾರು ಎಂದು ಯಾರೂ ಕೇಳಲಿಲ್ಲ. ಪೇಪರಿನ ಫೋಟೋದಲ್ಲಿ ನಾನಿರುವುದು ಅಂಚಿನಲ್ಲಿ, ಅರ್ಧ ಭುಜ. ಕಾರ್ಯದರ್ಶಿಗಳು ಫೋಟೋ ಕಳಿಸಿ, "ಚಂದ ಬಂದಿತ್," ಎಂದು ಬರೆದಿದ್ದರು.

ಬೇಸಿಗೆ ಮುಗಿಯುವ ಹೊತ್ತಿಗೆ ಶಿಷ್ಯೆಯ ತಾಯಿ ಮನೆಗೆ ಬಂದರು. ಈ ಸಲ ಕಡುಬಿರಲಿಲ್ಲ.

"ಒಂದ್ ಮಾತ್ ಹೇಳ್ಲಾ ಟೀಚ್ರೆ? ಬೇಜಾರ್ ಮಾಡ್ಕಂಬುದ್ ಬ್ಯಾಡ. ಮಳಿಗಾಲಕ್ಕೆ ಮಗಳನ್ನ ಬ್ರಹ್ಮಾವರದ್ ಸರ್ ಹತ್ರ ಗಂಗೊಳ್ಳಿಗ್ ಕಳ್ಸುವಾ ಅಂದೇಳಿ. ಅವ್ರ್ ಕಂಡ್ ಹೇಳಿದ್ ಮಕ್ಳ್ ಗೆಲ್ತೊ ಅಂಬ್ರಲ್ದಾ. ನೀವೂ ಅವ್ರ್ ಮಾತನ್ನೇ ಬರ್ದ್ರಿ."

ಅವರ ಮಾತನ್ನೇ ನಾನು ಬರೆದಿದ್ದೆ. ಹುಡುಗಿ ಹೊರಡುವಾಗ ಅವಳ ಬೂಟಿನ ಗಾಲಿ ಬಿಚ್ಚಿ ಗಟ್ಟಿಯದನ್ನು ನಾನೇ ಹಾಕಿಕೊಟ್ಟೆ. ಕೂರಿಸಿ ಹೇಳಿದೆ: ಆ ನೆಲ ಹೊಳೆ ಬದಿಗೆ ಎಳೆಯುತ್ತದೆ, ಸೊಂಟ ಹೊಳೆ ಕಡೆಗಲ್ಲ, ರಸ್ತೆ ಕಡೆಗೆ ಹಿಡಿ, ಕೂದಲೆಳೆಯಷ್ಟು. ಅಂಗಳದಂಚಿನ ಇಳಿಜಾರಿನಲ್ಲಿ ನಿಲ್ಲಿಸಿ ಮೈಗೆ ಗೊತ್ತಾಗುವ ತನಕ ಮಾಡಿಸಿದೆ. ಕೊನೆಗೆ, "ಇದನ್ನ ಸರ್‌ಗೆ ಹೇಳ್ಬೇಡ," ಎಂದೂ ಸೇರಿಸಿದೆ.

ಬೋಟುಗಳು ದಡಕ್ಕೆ ಬಂದು, ಹಾಲ್ ಮತ್ತೆ ಖಾಲಿಯಾದ ಮೇಲೆ ಒಂದು ದಿನ ತಡೆಯಲಾಗದೆ ಗಂಗೊಳ್ಳಿಗೆ ಹೋದೆ. ಶಿಷ್ಯೆ ಬಿಟ್ಟು ಹೋದ ಮೊಣಕಾಲ ಪಟ್ಟಿ ಕೊಡುವ ನೆವ. ಹಾಲಿನ ತುಂಬ ಮಕ್ಕಳು ತಿರುಗುತ್ತಿದ್ದರು, ತಿರುಗುತ್ತ ಎಲ್ಲರೂ ಚರಂಡಿಯ ಕಡೆ ಸರಿಯುತ್ತಿದ್ದರು, ಕೋಚ್ ಒಬ್ಬೊಬ್ಬರನ್ನೇ ಬೈಯುತ್ತಿದ್ದರು. ನಡುವಿನಲ್ಲಿ ನನ್ನ ಹುಡುಗಿ. ಅವಳು ತಿರುಗಿದಳು. ತಿರುಗಿ ತಿರುಗಿ ನಿಂತಾಗ ಹೊರಟಲ್ಲೇ ಇದ್ದಳು.

ಕೋಚ್ ನನ್ನ ಪಕ್ಕಕ್ಕೆ ಬಂದು, ಕೈ ಹಿಂದೆ ಕಟ್ಟಿ, ಏಲಕ್ಕಿಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು.

"ಕಂಡ್ರ್ಯಾ ಮೇಡಂ? ಎಲ್ಲ ಮಕ್ಳೂ ಸರಿತೊ, ಇದ್ ಮಾತ್ರ ನಿಂತಲ್ಲೇ. ಬಂದ್ ದಿನವೇ ಹಿಂಗೆ. ಇದ್ ಮೆಡಲ್ ಮಾಡತ್ತ್. ನಾ ಹೇಳ್ತೆ ಕೇಣಿ."

ಆ ಮಾತು ನನ್ನದು. ಗೋಡೆ ಹಿಡಿದು ನಿಲ್ಲುತ್ತಿದ್ದ ಮಗುವನ್ನು ನೋಡಿ ವರ್ಷಗಳ ಹಿಂದೆ ನಾನು ಹೇಳಿದ್ದೆ, ಯಾರೂ ಬಸ್ಸು ಹತ್ತಿ ಬರಲಿಲ್ಲ. ನಾಳೆ ಅವಳು ಗೆದ್ದರೆ ಮೈಕ್ ಹಿಡಿಯುವವರು ಇವರೇ, ಫೋಟೋದಲ್ಲಿ ನನ್ನ ಅರ್ಧ ಭುಜವೂ ಇರುವುದಿಲ್ಲ.

ಹಾಲಿನ ನಡುವಿನಿಂದ ಹುಡುಗಿ ನನ್ನತ್ತ ನೋಡಿದಳು. ನಾನು ಕಣ್ಣಲ್ಲೇ ಸುಮ್ಮನಿರು ಎಂದೆ. ಮತ್ತೆ ಕೋಚಿನ ಕಡೆ ತಿರುಗಿ, "ಇನ್ನೊಂದ್ ಸಲ ಹೇಳಿ ಸರ್," ಎಂದೆ.

"ಎಂತ?"

"ಇದ್ ಮೆಡಲ್ ಮಾಡತ್ತ್ ಅಂದೇಳಿ."

ಅವರು ಹೇಳಿದರು. ಆ ಬಾಯಿ ಸುಳ್ಳಾಗಲಿ ಎಂದು ಇಷ್ಟು ವರ್ಷ ಹಾರೈಸಿದವಳು, ಈ ಒಂದು ಸಲ ನಿಜವಾಗಲಿ ಎಂದುಕೊಂಡು ಕೇಳಿಸಿಕೊಂಡೆ.